ಗಿರಿಯಮ್ಮ ತೊಳೆದ ಎಣ್ಣೆಗೆ ಗಿರಣಿ ತಿರುಗುತ್ತದೆ

ಬಳಗಾನೂರಿನಲ್ಲಿ ಕೋಳಿ ಕೂಗಿ ಇನ್ನೂ ಮುಗಿದಿಲ್ಲ. ಆದೆಪ್ಪನವರ ಹಿಟ್ಟಿನ ಗಿರಣಿಯ ಹಿತ್ತಲಲ್ಲಿ ಗಿರಿಯಮ್ಮ ಡ್ರಮ್ಮಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಒಳಗಿರುವುದು ನಿನ್ನೆ ಸಂಜೆ ಬಿಸಿನೀರು ಬೆರೆಸಿ ಕಲಕಿಟ್ಟ ಹೊಂಗೆ ಎಣ್ಣೆ. ಬೆಳಗಾಗುವಷ್ಟರಲ್ಲಿ ಅದರ ಜಿಗುಟು ಕೊಳೆಯೆಲ್ಲ ನೀರಿನೊಂದಿಗೆ ತಳಕ್ಕಿಳಿದಿದೆ. ಕೆಳಗಿನ ನಲ್ಲಿ ತಿರುವಿ ರಾಡಿನೀರು ಹೊರಬಿಡುತ್ತಾರೆ. ಉಳಿದ ಎಣ್ಣೆಯನ್ನು ಒಲೆಯ ಮೇಲೆ ಕಾಯಿಸಿ, ಒಂದು ಬತ್ತಿ ಅದ್ದಿ ಹಚ್ಚುತ್ತಾರೆ.

"ಚಟಪಟ ಅಂದ್ರ ಒಳಗ ನೀರು ಉಳದೈತಿ ಅಂತ. ಇವತ್ತು ಸುಮ್ನ ಉರಿಯಾಕತ್ತೈತಿ ನೋಡ್ರಿ, ಎಂಜಿನ್ನಿಗೆ ಹಾಕಬೌದು."

ಎಂಜಿನ್ ಶುರುವಾಗಲು ತುಸು ಡೀಸೆಲ್ ಬೇಕು. ಬಿಸಿಯೇರಿದ ಮೇಲೆ ಹೊಂಗೆ ಎಣ್ಣೆಯ ನಲ್ಲಿ ತೆರೆಯುತ್ತಾರೆ. ದಿನಕ್ಕೆ ಎಂಟು-ಹತ್ತು ಲೀಟರ್ ಸಾಕು. ಸಿಂಧನೂರು ಬಸ್ಸಿಗೆ ಕಾಯುವವರು ಹೊಗೆಯ ವಾಸನೆಗೆ ಮೂಗು ಮುಚ್ಚುತ್ತಾರೆ, ಇದೇ ಹಿಟ್ಟಿನ ರೊಟ್ಟಿಯನ್ನು ಬುತ್ತಿಯಲ್ಲಿ ಕಟ್ಟಿಕೊಂಡು.

ಕಳೆದ ವರ್ಷ ಕುವೈತ್ ಯುದ್ಧದ ಗಲಾಟೆಯಲ್ಲಿ ಡೀಸೆಲ್ ಸಿಗದಂತಾದಾಗ ಆದೆಪ್ಪ ಎಂಜಿನ್ನನ್ನು ಲಿಂಗಸುಗೂರಿನ ಗುಜರಿಗೆ ಹಾಕಲು ಹೊರಟಿದ್ದರು. ಗಿರಣಿ ಮುಚ್ಚಿದರೆ ಗಂಡನಿಲ್ಲದ ಗಿರಿಯಮ್ಮನಿಗೆ ಮತ್ತೆ ಗದ್ದೆಯ ನಾಟಿಯೇ ಗತಿ. ಸೊಂಟ ಅದಕ್ಕೆ ಒಪ್ಪುವುದಿಲ್ಲ. ಆಗ ನೆನಪಾದದ್ದು ಮಸ್ಕಿಯ ತವರುಮನೆ. ದೀಪ ಹೊಗೆಯಾಡಬಾರದೆಂದು ಅವರ ಅವ್ವ ಹೊಂಗೆ ಎಣ್ಣೆಯನ್ನು ಬಿಸಿನೀರಲ್ಲಿ ತೊಳೆಯುತ್ತಿದ್ದಳು. ದೀಪಕ್ಕಾದದ್ದು ಎಂಜಿನ್ನಿಗೇಕಾಗಬಾರದು? ಆದೆಪ್ಪ ಒಪ್ಪಿದರು, ಆದರೆ ಷರತ್ತು ಹಾಕಿ: "ಒಮ್ಮೆ ಕೆಟ್ಟು ನಿಂತರ ಮುಗೀತು ನೋಡು ಗಿರಿಯಮ್ಮ. ಮರುದಿನನ ಗುಜರಿ."

ಎಂಜಿನ್ನನ್ನು ತಣ್ಣಗಿಡಲು ಹರಿಸುವ ನೀರು ಬಿಸಿಯಾಗಿ ಹೊರಗಿನ ತೊಟ್ಟಿಗೆ ಬೀಳುತ್ತದೆ. ಎಣ್ಣೆ ತೊಳೆಯುವುದು ಅದರಲ್ಲೇ. ಬೀಸಲು ಬಂದವರು ಅದರಿಂದಲೇ ಒಂದು ಕೊಡ ಒಯ್ಯುವುದೂ ಇಲ್ಲಿಯ ಹಳೆಯ ವಾಡಿಕೆ. ಕಳೆದ ದೀಪಾವಳಿಯಲ್ಲಿ ಎಡವಟ್ಟಾದದ್ದು ಇದರಿಂದಲೇ. ನೀರು ತುಂಬುವ ಹಬ್ಬದ ಸಂಜೆ ಇಡೀ ಓಣಿ ಕೊಡ ಹಿಡಿದು ಬಂತು. ಹಬ್ಬದ ಜಳಕದ ನೀರಿಗೆ ಇಲ್ಲವೆನ್ನಲು ಗಿರಿಯಮ್ಮನಿಗೆ ಬಾಯಿ ಬರಲಿಲ್ಲ. ತೊಟ್ಟಿ ಬರಿದಾಯಿತು, ಎಣ್ಣೆ ತೊಳೆಯದೆ ಉಳಿಯಿತು. ಮರುದಿನ ಧೈರ್ಯ ಮಾಡಿ ಹಸಿ ಎಣ್ಣೆಯನ್ನೇ ಸುರಿದರು. ಹೋಳಿಗೆಯ ಗೋಧಿ ಅರ್ಧ ಬೀಸಿರುವಾಗ ಎಂಜಿನ್ ಕೆಮ್ಮಿ ನಿಂತಿತು.

ಮೆಕ್ಯಾನಿಕ್ ಬುಡ್ಡೇಸಾಬ್ ಬಂದು ಬಿಚ್ಚಿ ನೋಡಿದ. "ಮಂದಿ ಮೈ ತೊಳಕೊಂಡಾರ, ಕೊಳಿ ಎಂಜಿನ್ನಿಗೆ ಕುಡಿಸ್ಯಾರ್ರಿ" ಎಂದ. ಗಿರಿಯಮ್ಮ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು.

ಪಕ್ಕದ ಮನೆಯ ಬಸ್ಸಮ್ಮ ಎದ್ದುಹೋದವರು ತಮ್ಮ ಹಂಡೆಯ ಬಿಸಿನೀರು ಹೊತ್ತು ಬಂದರು. "ನಿನ್ನೆ ಒಯ್ದಿದ್ದೆ, ತಗೋ ನಿನ್ನ ನೀರು. ಎಣ್ಣಿ ತೊಳಿ" ಎಂದರು. ಅವರ ಹಿಂದೆ ಓಣಿಯ ಕೊಡಗಳೆಲ್ಲ ಬಂದವು. ಬುಡ್ಡೇಸಾಬ್ ಎಂಜಿನ್ ಶುಚಿ ಮಾಡಿದ. ಮರುದಿನ ಬೆಳಿಗ್ಗೆ ತೊಳೆದ ಎಣ್ಣೆಗೆ ಗಿರಣಿ ತಿರುಗಿತು. ಊರಿನ ಹೋಳಿಗೆ ಒಂದು ದಿನ ತಡವಾಯಿತು, ಅಷ್ಟೆ. ಮೊದಲ ಹೋಳಿಗೆ ಆದೆಪ್ಪನವರಿಗೆ ಹೋಯಿತು. ಅದು ಬಾಯಲ್ಲಿರುವಾಗ ಗುಜರಿಯ ಮಾತು ಹೊರಡಲಿಲ್ಲ, ಇವತ್ತಿಗೂ ಹೊರಟಿಲ್ಲ.

ಈಗ ತೊಟ್ಟಿಯ ಒಳಗೋಡೆಗೆ ಒಂದು ಕೆಂಪು ಗೆರೆ ಇದೆ. ನೀರು ಅಲ್ಲಿಗೆ ಇಳಿದರೆ ಯಾರೂ ಕೊಡ ಅದ್ದುವುದಿಲ್ಲ. ಗೆರೆಯನ್ನು ಕಾಯುವವರು ಬಸ್ಸಮ್ಮ. ಅವರ ಬಾಯಿಗೆ ಹೆದರದವರು ಓಣಿಯಲ್ಲಿಲ್ಲ.

ಮತ್ತೆ ದೀಪಾವಳಿ ಹತ್ತಿರ ಬಂದಿದೆ. ಏನಾದರೂ ಆಸೆಯಿದೆಯೇ ಎಂದು ಕೇಳಿದರೆ ಗಿರಿಯಮ್ಮ ಎಣ್ಣೆಗೈ ಸೆರಗಿಗೆ ಒರೆಸಿಕೊಂಡು ನಗುತ್ತಾರೆ.

"ಹೋದ ಹಬ್ಬಕ್ಕ ಊರಿಗೆಲ್ಲ ಬಿಸಿನೀರು ಕೊಟ್ಟು ನಾ ತಣ್ಣೀರಾಗ ಜಳಕ ಮಾಡೀನ್ರಿ. ಗೆರಿ ಕೆಳಗಿಂದು ಎಣ್ಣೀದು, ಮ್ಯಾಲಿಂದು ಊರಿಂದು. ಈ ಹಬ್ಬಕ್ಕ ಒಂದು ಕೊಡ ನಂದಿರಲಿ."