ಸವಿತಳ ಪ್ರಶ್ನೆಗೆ ಉತ್ತರ ಹುಡುಕುತ್ತಾ

ಹುಣಸೂರಿಗೆ ಬಂದ ಹೊಸದರಲ್ಲೇ ನಾನು ಸತ್ತ ಹುಡುಗಿಯೊಬ್ಬಳ ನೌಕರಿ ವಿಚಾರಿಸಿದೆ. ಅದೂ ಅವಳ ತಾಯಿಯ ಮುಂದೆ, ನಗುನಗುತ್ತಾ.

ಧಾರವಾಡ ಬಿಟ್ಟು ಅಷ್ಟು ದೂರ ಯಾಕೆ ಹೋದೆ ಎಂದು, ಊರಿನ ಗೆಳತಿಯರೇ, ನಿಮ್ಮಲ್ಲಿ ಹಲವರು ಕೇಳಿದ್ದೀರಿ. ಈಗ ಎಲ್ಲರ ಬಾಯಲ್ಲೂ ಕಂಪ್ಯೂಟರಿನ ಮಾತು, ವಿಜ್ಞಾನ ಓದಿದರೆ ಕೆಲಸ ಖಂಡಿತ ಎಂಬ ನಂಬಿಕೆ. ಈ ತೊಂಬತ್ತರ ದಶಕದಲ್ಲಿ ಹಳ್ಳಿಗಳಿಂದ ಬಂದು ವಿಜ್ಞಾನ ಓದಿದ ಹುಡುಗಿಯರು ಆಮೇಲೆ ಏನಾದರು, ಓದಿಗೆ ತಕ್ಕ ಕೆಲಸ ಯಾರಿಗೆ ಸಿಕ್ಕಿತು ಎಂದು ತಿಳಿಯುವ ಸಂಶೋಧನೆಯಲ್ಲಿ ನಾನು ಸಹಾಯಕಿ. ಸರ್ಕಾರಕ್ಕೆ ಸಲಹೆ ಕೊಡಲು ಇದೆಲ್ಲ ಬೇಕಂತೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ ನನ್ನದೂ ಹಂಗಾಮಿ ಕೆಲಸವೇ.

ಮನೆ ಹುಡುಕುವಾಗ ಎಲ್ಲರದೂ ಒಂದೇ ಮಾತು: “ಒಬ್ರೇನಾ? ಯಜಮಾನ್ರು ಯಾವಾಗ ಬತ್ತಾರೆ?” ಕೊನೆಗೆ ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಸಿಕ್ಕಿತು. ಇಲ್ಲಿ ಹೊಲಗಳ ನಡುವೆ ಬ್ಯಾರನ್‌ಗಳಿವೆ, ಅಂದರೆ ಹೊಗೆಸೊಪ್ಪು ಹದ ಮಾಡುವ ಎತ್ತರದ ಮನೆಗಳು. ಬೆಂಕಿ ಹಾಕುವ ಕಾಲಕ್ಕೆ ಅದರ ಘಾಟು ದಿಂಬಿಗೂ ಮೆತ್ತಿಕೊಳ್ಳುತ್ತದೆ. ನಮ್ಮಲ್ಲಿ ರೊಟ್ಟಿ ಅಗಿದಷ್ಟೂ ರುಚಿ. ಇಲ್ಲಿ ಮುದ್ದೆಯನ್ನು ಅಗಿದರೆ ನಗುತ್ತಾರೆ, ನುಂಗಬೇಕು. ಮನೆಯೊಡತಿಯ ಎದುರು ಮೊದಲ ಸಲ ಇಡೀ ಮುದ್ದೆ ನುಂಗಿ ಮುಗಿಸಿದ ದಿನ ನಾನು ಬೀಗಿದ್ದೇ ಬೀಗಿದ್ದು.

ಅದೇ ವಾರ ಬಿಳಿಕೆರೆ ಹತ್ತಿರದ ಹಳ್ಳಿಗೆ ಸವಿತ ಎಂಬುವಳನ್ನು ಹುಡುಕಿಕೊಂಡು ಹೋದೆ. ಕಾಲೇಜಿನಲ್ಲಿ ಹೆಸರು ಕೊಟ್ಟಿದ್ದರು, ಅಷ್ಟೇ. ನಡುಮನೆಯಲ್ಲಿ ಮಣೆಯ ಮೇಲೆ ಒಂದು ಬಿಳಿ ಕೋಟು, ಲ್ಯಾಬಿನಲ್ಲಿ ತೊಡುವಂಥದ್ದು, ಇಸ್ತ್ರಿ ಮಾಡಿ ಮಡಿಸಿಟ್ಟಿತ್ತು. ಸುತ್ತಿದ ಯಾವ ಮನೆಯಲ್ಲೂ ಅಂಥದ್ದು ಕಂಡಿರಲಿಲ್ಲ. ಅಂತೂ ಓದಿಗೆ ತಕ್ಕ ಕೆಲಸ ಹಿಡಿದವಳು ಒಬ್ಬಳು ಸಿಕ್ಕಳಲ್ಲ ಎಂದು ಹಿಗ್ಗಿ ಹೋದೆ.

“ಮಗಳು ಯಾವ ಲ್ಯಾಬಿನ್ಯಾಗ ಕೆಲಸ ಮಾಡ್ತಾಳ್ರಿ?”

ತಾಯಿ ಜಯಮ್ಮ ನನ್ನ ಮುಖ ನೋಡಿದರು. “ಅವ್ಳು ಓಗಿ ಎಲ್ಡೊರ್ಸ ಆಯ್ತು ಕಣವ್ವ. ಕಡೇ ವರ್ಸ ಓದ್ತಿದ್ಲು, ಕಾಮಾಲೆ ಆಯ್ತು. ಇವತ್ತು ಪಕ್ಸ ಅಲ್ವಾ, ಎಡೆ ಇಕ್ತಾ ಇವ್ನಿ.”

ಪಕ್ಷವೆಂದರೆ ಇಲ್ಲಿ ತೀರಿಕೊಂಡವರ ಹಬ್ಬ. ಅವರಿಗೆ ಇಷ್ಟವಾದ ಅಡುಗೆಯನ್ನು ಎಲೆಗೆ ಬಡಿಸಿ, ಬಟ್ಟೆ ಇಟ್ಟು, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತಾರೆ. ಸತ್ತವರು ಬಂದು ಉಣ್ಣಲಿ ಎಂದು. ನಮ್ಮ ಮನೆಯಲ್ಲಿ ಈ ಪದ್ಧತಿ ಇಲ್ಲ, ನನಗೆ ಹೊಳೆಯಲೇ ಇಲ್ಲ. ನಾಚಿಕೆಯಿಂದ ಕುಗ್ಗಿ ಹೊರಟವಳ ಕೈಯನ್ನು ಜಯಮ್ಮ ಹಿಡಿದುಕೊಂಡರು.

“ನೀವೂ ಅವ್ಳ ಓದೇ ಓದಿದ್ದೀರಾ?”

“ಹೌದ್ರಿ.”

“ಅಂಗಾರೆ ನೀವು ಒಸಿ ಒಳಗಿರಿ. ಬಿಎಸ್ಸಿ ಆದ್ಮೇಲೆ ಏನ್ ಮಾಡ್ಲವ್ವ ಅಂತ ದಿನಾ ಕೇಳೋಳು. ಆಸ್ಪತ್ರೇಲೂ ಅದ್ನೇ ಕೇಳುದ್ಲು. ನಮ್ಗೇನ್ ಗೊತ್ತು? ಉಣ್ಣಾಕ್ ಇಕ್ಕಾದೊಂದೇ ಗೊತ್ತು. ನೀವು ಯೋಳಿ ಅವ್ಳ್ಗೆ.”

ಬಾಗಿಲು ಮುಚ್ಚಿತು. ಸಾಂಬ್ರಾಣಿಯ ಹೊಗೆಯಲ್ಲಿ ಎಲೆ, ಕೋಳಿ ಸಾರು, ಕಜ್ಜಾಯ, ಆ ಕೋಟು. ನನಗೆ ಹೆದರಿಕೆಯಾಯಿತು. ಆದರೂ ಮೆಲ್ಲಗೆ, “ಎಂ.ಎಸ್ಸಿ. ಮಾಡಬಹುದು ತಂಗಿ, ಮೈಸೂರಿನ್ಯಾಗ” ಎಂದೆ. ಆಮೇಲೆ? ಸಂಶೋಧನೆ ಮಾಡಬಹುದು. ಆಮೇಲೆ? ಹಾಗೆ ಕೇಳಿದ್ದು ನಾನೋ ಅವಳೋ ಇವತ್ತಿಗೂ ತಿಳಿಯದು. ಅಷ್ಟರಲ್ಲಿ ನಾನು ಕಂಡವರಲ್ಲಿ, ಕೆ.ಆರ್. ನಗರದಲ್ಲಿ ಚೆನ್ನಾಗಿ ಓದಿದವಳೊಬ್ಬಳು ಬಳೆ ಅಂಗಡಿಯಲ್ಲಿ ಕೂತಿದ್ದಳು. ಎಚ್.ಡಿ. ಕೋಟೆಯ ಇನ್ನೊಬ್ಬಳು, “ಓದಿದ್ದು ಮರ್ತೇ ಓಯ್ತು ಕಣಕ್ಕ” ಎಂದಿದ್ದಳು. ಇದನ್ನೆಲ್ಲ ಹೇಗೆ ಹೇಳುವುದು? ಸಮಾಧಾನಕ್ಕೆ ಒಂದು ಸುಳ್ಳು ಹೇಳಬಹುದಿತ್ತು, ಆ ಕೋಟಿನ ಮುಂದೆ ಬೇಡವೆನಿಸಿತು.

“ನನಗೂ ಗೊತ್ತಿಲ್ಲ ತಂಗಿ. ತಿಳ್ಕೊಂಡು ಬರ್ತೀನಿ.”

ಹೊರಗೆ ಜಯಮ್ಮ ಕಾದಿದ್ದರು. “ಯೋಳುದ್ರಾ?”

“ಪೂರಾ ಹೇಳಾಕ ಆಗಲಿಲ್ರಿ.”

“ಮುಂದ್ಲೊರ್ಸ ಬಂದು ಯೋಳೂರಂತೆ ಬುಡಿ. ಅವ್ಳೆಲ್ಲೋದಾಳು.”

ಸತ್ತವರನ್ನು ಅಧ್ಯಯನದಿಂದ ಕೈಬಿಡುವುದು ನಮ್ಮಲ್ಲಿ ನಿಯಮ. ಮೈಸೂರಿನ ಮೇಲಧಿಕಾರಿ ಹೇಳಿದಂತೆ ಸವಿತಳನ್ನೂ ಬಿಟ್ಟೆ. ಆದರೆ ಪಿರಿಯಾಪಟ್ಟಣದ ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೆ, ಅವಳಿಗೂ ಜಾಗವಿರಲಿ ಎಂದು ಈಗಲೂ ನಾನು ಕಿಟಕಿಯ ಕಡೆ ಸರಿದು ಕೂರುತ್ತೇನೆ.

ಧಾರವಾಡದ ಶಾಲೆಯಲ್ಲಿ ಕೆಲಸ ಖಾಲಿಯಿದೆ, ಬಂದುಬಿಡು ಎಂದು ಅಪ್ಪ ಬರೆಯುತ್ತಾನೆ. ನನಗೂ ಆಸೆಯಿದೆ. ನಿಮ್ಮ ನಡುವೆ ಕೂತು ರೊಟ್ಟಿ ತಿನ್ನದೆ ಬಹಳ ದಿನವಾಯಿತು. ಆದರೆ ಪಕ್ಷ ಮತ್ತೆ ಹತ್ತಿರ ಬಂತು, ನನಗಿನ್ನೂ ಉತ್ತರ ಸಿಕ್ಕಿಲ್ಲ. ಅಲ್ಲಿ ನನ್ನ ದಾರಿ ಕಾಯುವವರು ನೀವೆಲ್ಲ ಇದ್ದೀರಿ. ಇಲ್ಲಿ ಕಾಯುವವಳು ಸವಿತ ಒಬ್ಬಳೇ.