ಲಾಂಡ್ರಿಯವರ ಸ್ಟೀಲ್ ಗಿಟಾರ್

ತಲೆಯ ಮೇಲೆ ಅಗಲ ಅಂಚಿನ ಕೌಬಾಯ್ ಟೋಪಿ, ಮೈಮೇಲೆ ಕುಚ್ಚು ಇಳಿಬಿಟ್ಟ ಚರ್ಮದ ಕೋಟು, ಸೊಂಟದಲ್ಲಿ ತಟ್ಟೆಯಷ್ಟು ದೊಡ್ಡ ಬಕಲ್ಲಿನ ಬೆಲ್ಟು. ಕಾಲಿನಲ್ಲಿ ಮಾತ್ರ ಸಭಾಕೊಠಡಿಯ ಹಸಿರು ರಬ್ಬರ್ ಚಪ್ಪಲಿ. ಜಪಾನಿನ ಓಜಿಮಾದಲ್ಲಿ ನಾವಿದ್ದ ವಸತಿ ಸಮುಚ್ಚಯದ ಸಭಾಕೊಠಡಿಗೆ ಶೂ ಹಾಕಿಕೊಂಡು ಹೋಗುವಂತಿರಲಿಲ್ಲ. ಹಾಗಾಗಿ ಅವರ ಚೂಪು ಮೂತಿಯ ಬೂಟುಗಳು ಹೊಸ್ತಿಲಾಚೆ, ರಸ್ತೆಯ ಕಡೆ ಮುಖ ಮಾಡಿಕೊಂಡು ಶಿಸ್ತಾಗಿ ಕಾಯುತ್ತಿದ್ದವು. ಎಪ್ಪತ್ತರ ಹತ್ತಿರದ ಜಪಾನೀ ಮನುಷ್ಯರೊಬ್ಬರನ್ನು ಈ ವೇಷದಲ್ಲಿ ಮೊದಲ ಸಲ ಕಂಡಾಗ ನನಗೆ ನಗು ಬರಬೇಕಿತ್ತು. ಬಂದದ್ದು ಅನುಮಾನ.

ಅಲ್ಲಿಯವರೆಗೆ ಅವರು ನಮಗೆ ಬರೀ ಲಾಂಡ್ರಿಯವರು. ನಮ್ಮ ಯಜಮಾನರ ಆಫೀಸ್ ಶರ್ಟುಗಳೆಲ್ಲ ಅವರ ಅಂಗಡಿಗೇ ಹೋಗುತ್ತಿದ್ದವು. ಒಮ್ಮೆ ಒಂದು ಶರ್ಟಿನ ಜೇಬಿನಲ್ಲಿ ಪೂಜೆಯ ಕುಂಕುಮದ ಪೊಟ್ಟಣ ಉಳಿದುಬಿಟ್ಟಿತ್ತು. ಅದನ್ನು ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದರು. ಅವರಿಗೆ ಬರುತ್ತಿದ್ದದ್ದು ಜಪಾನೀ ಮಾತ್ರ, ನನಗೆ ಅರ್ಥವಾದಂತೆ ಬರೆಯುತ್ತಿದ್ದೇನೆ. "ಸುಮಿಮಾಸೆನ್, ಕ್ಷಮಿಸಿ. ಇದು ನಿಮ್ಮ ದೇವರದ್ದು ಇರ್ಬೇಕು. ಶರ್ಟು ನೀರಿಗೆ ಹಾಕೋಕ್ ಮುಂಚೆನೇ ತೆಗೆದಿಟ್ಟೆ," ಎಂದರು. ನಾನು ಅರಿಗಾತೋ ಎಂದು ಧನ್ಯವಾದ ಹೇಳಿ ಬಂದೆ. ದಾರಿಯುದ್ದಕ್ಕೂ ಒಂದೇ ಯೋಚನೆ: ನಮ್ಮ ದೇವರ ಉಸಾಬರಿ ಇವರಿಗೇಕೆ?

ಆಮೇಲೆ ೨೦೧೧ರ ಮಾರ್ಚಿನ ಆ ದೊಡ್ಡ ಭೂಕಂಪವಾಯಿತು. ನಮಗೆ ಏನೂ ಆಗಲಿಲ್ಲ. ಕಪಾಟಿನಿಂದ ಪಾತ್ರೆ ಬಿದ್ದವು, ಗೋಡೆಯಲ್ಲಿ ಒಂದು ಬಿರುಕು ಬಂತು, ಅಷ್ಟೆ. ಆದರೆ ಒಂದನೇ ಕ್ಲಾಸಿಗೆ ಸೇರಬೇಕಿದ್ದ ನಮ್ಮ ಮಗಳು ಬೇರೆಯೇ ಮಗುವಾದಳು. ಸಣ್ಣ ಕಂಪನ ಬಂದರೂ ಊಟದ ಮೇಜಿನ ಕೆಳಗೆ. ಹೊರಗೆ ಲಾರಿ ಹೋದರೂ ಮೇಜಿನ ಕೆಳಗೆ. ಮೈಸೂರಿನಿಂದ ಎಲ್ಲರೂ ಫೋನಿನಲ್ಲಿ ವಾಪಸ್ ಬನ್ನಿ ಎನ್ನುತ್ತಿದ್ದರು. ತಿಂಗಳುಗಟ್ಟಲೆ ಅವಳು ನನ್ನ ಚೂಡಿದಾರದ ಅಂಚು ಹಿಡಿದುಕೊಂಡೇ ನಡೆದಳು.

ಒಂದು ಶನಿವಾರ ತರಕಾರಿ ತರುವಾಗ ಸಭಾಕೊಠಡಿಯಿಂದ ಒಂದು ನಾದ ಬಂತು. ಚಿಕ್ಕಂದಿನಲ್ಲಿ ವೀಣೆ ಕಲಿತ ನನಗೆ ಗಮಕದಂತೆಯೇ ಕೇಳಿಸಿತು. ಒಂದು ಸ್ವರದಿಂದ ಇನ್ನೊಂದಕ್ಕೆ ಅಳುತ್ತಾ ಜಾರುವ ನಾದ. ಮಗಳು ನನ್ನ ಬಟ್ಟೆ ಬಿಟ್ಟು ಒಳಗೆ ಹೋದಳು. ಅವಳಾಗಿ ಕೈ ಬಿಟ್ಟದ್ದು ಅಂದೇ ಮೊದಲು.

ಒಳಗೆ ಲಾಂಡ್ರಿಯವರು ಈ ವೇಷದಲ್ಲಿ ಕುಳಿತಿದ್ದರು. ತೊಡೆಯ ಮೇಲೆ ಮಲಗಿಸಿಕೊಂಡ ಗಿಟಾರು, ತಂತಿಗಳ ಮೇಲೆ ಜಾರಿಸಲು ಎಡಗೈಯಲ್ಲೊಂದು ಉಕ್ಕಿನ ತುಂಡು. ಮಗಳು ಹತ್ತಿರ ಹೋದದ್ದು ನೋಡಿ ಒಂದು ತಂತಿ ಮೀಟಿ, "ನೋಡು, ಇದೂ ನಡುಗುತ್ತೆ," ಎಂದರು. ಅವಳು ಹಿಂದೆ ಸರಿದಳು. ಅವಳ ಅಂಗೈ ಹಿಡಿದು ಮೆಲ್ಲಗೆ ತಂತಿಗಳ ಮೇಲಿಟ್ಟರು. ಸದ್ದು ಅಡಗಿತು. "ಕೈ ಇಟ್ರೆ ನಿಲ್ಲುತ್ತೆ." ಮತ್ತೆ ಮೀಟಿದರು, ಅವಳು ಕೈಯಿಟ್ಟು ನಿಲ್ಲಿಸಿದಳು. ಹೀಗೆ ಎಷ್ಟೋ ಹೊತ್ತು. ಅಂದು ಮಗಳು ಮೇಜಿನ ಕೆಳಗೆ ಹೋಗಲಿಲ್ಲ. ಅದಕ್ಕಾಗಿ ಅವರ ಕಾಲಿಗೆ ಬೀಳಲೂ ನಾನು ಸಿದ್ಧಳಿದ್ದೆ.

ಬೀಳುವ ಮೊದಲೇ ವಿಷಯ ತಿಳಿಯಿತು. ಶನಿವಾರ ಅಲ್ಲಿ ಸೇರುತ್ತಿದ್ದದ್ದು ಚರ್ಚಿನವರ ವಾದ್ಯದ ಗುಂಪು. ಅವರು ನುಡಿಸುತ್ತಿದ್ದದ್ದು ಕಂಟ್ರಿ ಗಾಸ್ಪೆಲ್, ಅಂದರೆ ಅಮೆರಿಕದ ಹಳ್ಳಿಗಾಡಿನ ಧಾಟಿಯಲ್ಲಿ ಯೇಸುವಿನ ಹಾಡು. ಯೌವನದಲ್ಲಿ ಅಮೆರಿಕನ್ ಸೈನಿಕರ ಕ್ಯಾಂಪುಗಳಲ್ಲಿ ನುಡಿಸಿ ಕೈ ಪಳಗಿಸಿಕೊಂಡವರಂತೆ, ಸಂಗೀತದ ಹಿಂದೆಯೇ ಕ್ರಿಸ್ತನೂ ಬಂದನಂತೆ. ಹೆದರಿದ ಮಗು, ಊರು ಬಿಟ್ಟು ಬಂದ ತಾಯಿ. ಗಾಳ ಹಾಕಲು ಇದಕ್ಕಿಂತ ಒಳ್ಳೆಯ ಕೊಳ ಎಲ್ಲಿ ಸಿಗುತ್ತದೆ?

"ಲೇ, ಅವ್ರು ತೊಳೆಯೋದು ಶರ್ಟು ಕಣೇ, ಬ್ರೈನ್ ಅಲ್ಲ," ಎಂದು ನಮ್ಮ ಯಜಮಾನರು ನಕ್ಕರು.

"ನಗ್ರಿ ನಗ್ರಿ. ನಾಳೆ ಮಗಳು ದೀಪ ಹಚ್ಚಲ್ಲ ಅಂದಾಗ್ಲೂ ಹೀಗೇ ನಗ್ತೀರಾ ನೋಡೋಣ."

ಅಷ್ಟರಲ್ಲಿ ಮಗಳು ಶನಿವಾರಗಳಲ್ಲಿ ಅವರ ಹತ್ತಿರ ಗಿಟಾರ್ ಪಾಠಕ್ಕೆ ಹೋಗತೊಡಗಿದ್ದಳು. ಪಾಠ ಬಿಡಿಸುವಂತಿರಲಿಲ್ಲ, ಮಗು ಮತ್ತೆ ಮೇಜಿನ ಕೆಳಗೆ ಹೋಗಿಬಿಟ್ಟರೆ? ಹಾಗಾಗಿ ಕಾವಲು ಕುಳಿತೆ. ಪ್ರತಿ ಶನಿವಾರ ಬಾಗಿಲ ಪಕ್ಕ ಮಡಚುವ ಕುರ್ಚಿಯೊಂದರಲ್ಲಿ, ವ್ಯಾನಿಟಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು. ಕೆಲವು ವಾರ ಕಳೆದ ಮೇಲೆ ನಾನು ಬರುವಷ್ಟರಲ್ಲಿ ಆ ಕುರ್ಚಿ ಬಿಡಿಸಿಟ್ಟಿರುತ್ತಿತ್ತು. ಇಡುತ್ತಿದ್ದವರು ಲಾಂಡ್ರಿಯವರೇ. ಅದೂ ಒಂದು ಉಪಾಯವೆಂದೇ ನಾನು ಎಣಿಸಿದೆ. ನುಡಿಸುವ ಮುನ್ನ ಅವರು ಕಣ್ಣು ಮುಚ್ಚುತ್ತಿದ್ದರು, ತುಟಿ ಅಲುಗುತ್ತಿತ್ತು. ನಾನು ಆ ತುಟಿಯನ್ನು ನೋಡುತ್ತಿದ್ದೆ, ಆಮೇಲೆ ಮಗಳ ತುಟಿಯನ್ನು. ಅವಳಿಗೆ ಅವರು ಬೆರಳಾಟ ಕಲಿಸಿದರೇ ಹೊರತು ಹಾಡಿನ ಸಾಹಿತ್ಯ ಕಲಿಸಲಿಲ್ಲ. ಮನೆಗೆ ಬಂದ ಮೇಲೂ ನನ್ನ ವಿಚಾರಣೆ ನಡೆಯುತ್ತಿತ್ತು: ಏನು ಹೇಳಿದರು, ಏನು ತಿನ್ನಲು ಕೊಟ್ಟರು? "ಅಮ್ಮಾ, ಯೂ ಆರ್ ಲೈಕ್ ಪೊಲೀಸ್," ಎನ್ನುತ್ತಿದ್ದಳು.

ಆ ಭೂಕಂಪದ ಹಿಂದೆಯೇ ಬಂದ ಸುನಾಮಿಯಲ್ಲಿ ಮನೆ ಕಳೆದುಕೊಂಡವರ ತಾತ್ಕಾಲಿಕ ವಸತಿಗಳಿಗೆ ಆ ಗುಂಪು ಹೋಗಿ ನುಡಿಸಿ ಬರುತ್ತಿತ್ತು. ಒಮ್ಮೆ ಮಗಳ ಜೊತೆ ನಾನೂ ವ್ಯಾನು ಹತ್ತಿದೆ. ಅಲ್ಲಿನ ಮೇಲ್ವಿಚಾರಕಿ ಮೊದಲೇ ಹೇಳಿಬಿಟ್ಟಳು, "ಧರ್ಮಪ್ರಚಾರ ಬೇಡ." ಲಾಂಡ್ರಿಯವರು ಟೋಪಿ ತೆಗೆದು ಬಾಗಿ, ಬರೀ ಧಾಟಿ ನುಡಿಸಿದರು, ಒಂದೂ ಮಾತು ಹಾಡಲಿಲ್ಲ. ಮುಂದಿನ ಸಾಲಿನ ಅಜ್ಜಿಯೊಬ್ಬಳು ಸದ್ದಿಲ್ಲದೆ ಅತ್ತಳು. ಮಾತಿಲ್ಲದೆ ಒಳಗಿಳಿಯುವುದು ಇನ್ನೂ ದೊಡ್ಡ ಜಾಣತನವೆಂದುಕೊಂಡೇ ನಾನು ಕಣ್ಣೊರೆಸಿಕೊಂಡೆ.

ಮಗಳು ಆರನೇ ಕ್ಲಾಸಿನಲ್ಲಿದ್ದಾಗ, ಒಂದು ಶನಿವಾರ ಪಾಠ ಮುಗಿದ ಮೇಲೆ ಅವರು ನೆಟ್ಟಗೆ ನನ್ನ ಕುರ್ಚಿಯ ಹತ್ತಿರ ಬಂದರು. ಟೋಪಿ ಕೈಯಲ್ಲಿತ್ತು. ಅಲ್ಲಿಯವರೆಗೆ ಟೋಪಿಯಿಲ್ಲದ ಅವರ ತಲೆಯನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ, ಪೂರ್ತಿ ಬೋಳು.

"ಓಕ್ಸಾನ್," ಎಂದರು. ಗೃಹಿಣಿಯರನ್ನು ಅಲ್ಲಿ ಹಾಗೆ ಕರೆಯುವುದು. "ನಿಮ್ಮ ಮಗಳು ಇವತ್ತು ಕ್ರೈಸ್ತಳಾಗೋಕೆ ದೀಕ್ಷಾಸ್ನಾನ ಬೇಕು ಅಂತ ನನ್ನ ಹತ್ತಿರ ಕೇಳಿದಳು. ನಿಮಗೆ ಗೊತ್ತಿರಬೇಕು ಅಂತ ಹೇಳ್ತಿದೀನಿ."

ನನ್ನ ಕಿವಿ ಬಿಸಿಯಾಯಿತು. "ನೀವು ಹೇಳಿಕೊಟ್ಟಿದ್ದಲ್ವಾ? ಇದಕ್ಕೇ ತಾನೇ ಇಷ್ಟು ವರ್ಷ ಕಾಯ್ತಿದ್ದಿದ್ದು?"

ಇಲ್ಲ ಎನ್ನುತ್ತಾರೆಂದು, ಸುಳ್ಳು ಹೇಳುತ್ತಾರೆಂದು ಕಾದೆ.

"ಹೇಳಿಕೊಟ್ಟಿಲ್ಲ. ಆದ್ರೆ ಆಸೆ ಇತ್ತು, ಮೊದಲನೇ ದಿನದಿಂದ್ಲೂ. ನಿಮ್ಮ ಅನುಮಾನ ಸರಿಯಾಗೇ ಇದೆ. ನಾನು ನಂಬಿರೋದನ್ನ ಇನ್ನೊಬ್ರಿಗೆ ಕೊಡ್ಬೇಕು ಅನ್ಸುತ್ತೆ, ಅದನ್ನ ಮುಚ್ಚಿಟ್ರೆ ಕಳ್ಳತನ ಆಗುತ್ತೆ. ನೀವು ಬೇಡ ಅಂದ್ರೆ ಇಲ್ಲ."

"ಬೇಡ," ಎಂದೆ.

"ಹೈ." ಆಗಲಿ ಎಂದು ತಲೆಬಾಗಿದರು. ಹೋಗುವ ಮುನ್ನ ತಿರುಗಿ ನಿಂತು, "ಅವಳಿಗಾಗಿ ಪ್ರಾರ್ಥನೆ ಮಾಡೋದೊಂದು ಮಾತ್ರ ನಿಲ್ಸೋಕಾಗಲ್ಲ. ಅದನ್ನೂ ಹೇಳಿಬಿಡ್ತೀನಿ," ಎಂದರು.

ಅನುಮಾನಪಟ್ಟದ್ದಕ್ಕೆ ನನಗೆ ಇಂದಿಗೂ ನಾಚಿಕೆಯಿಲ್ಲ. ಆದರೆ ನನ್ನ ಅನುಮಾನವನ್ನು ಹೀಗೆ ಎದುರಿಗೇ ನಿಂತು ಒಪ್ಪಿಕೊಂಡ ಮನುಷ್ಯ ಅವರೊಬ್ಬರೇ. ನಮ್ಮವರೇ ಎಷ್ಟು ಜನ ಬೆನ್ನ ಹಿಂದೆ ಏನೇನು ಮಾಡಿಲ್ಲ! ದೊಡ್ಡವಳಾದ ಮೇಲೆ ನೀನೇ ತೀರ್ಮಾನಿಸು ಎಂದು ಮಗಳಿಗೆ ಅವರೇ ಹೇಳಿದರು. ಅವಳು ನಮ್ಮಿಬ್ಬರ ಮೇಲೂ ಸಿಟ್ಟು ಮಾಡಿಕೊಂಡು ವಾರಗಟ್ಟಲೆ ಮುಖ ಊದಿಸಿದಳು. ದೀಕ್ಷೆಯ ಮಾತು ಲಾಂಡ್ರಿಯವರ ಬಾಯಲ್ಲಿ ಮತ್ತೆಂದೂ ಬರಲಿಲ್ಲ. ಬರುತ್ತದೆಯೇನೋ ಎಂದು ನಾನು ಕಾವಲು ಬಿಡಲಿಲ್ಲ, ಅವರು ಕುರ್ಚಿ ಇಡುವುದನ್ನೂ ಬಿಡಲಿಲ್ಲ.

ಮಗಳು ಕಾಲೇಜಿಗೆ ಸೇರಿದ ವರ್ಷ ಅವರು ತೀರಿಕೊಂಡರು. ತಮ್ಮ ಬೆರಳು ಬಿಗಿಯತೊಡಗಿದಾಗಲೇ ಆ ಉಕ್ಕಿನ ತುಂಡನ್ನು ಅವಳಿಗೆ ಕೊಟ್ಟಿದ್ದರು. ಅಂತ್ಯಕ್ರಿಯೆ ಹತ್ತಿರದ ಊರು ಇಚಿಕಾವಾದ ಪುಟ್ಟ ಚರ್ಚಿನಲ್ಲಿ. ನಾನು ಯಾವ ಚರ್ಚಿನೊಳಗೂ ಕಾಲಿಟ್ಟವಳಲ್ಲ. ಸಾಲಾಗಿ ಬೆಂಚುಗಳಿದ್ದವು. ಬಾಗಿಲ ಪಕ್ಕ ಮಾತ್ರ ಒಂದು ಮಡಚುವ ಕುರ್ಚಿ ಬಿಡಿಸಿಟ್ಟಿತ್ತು. ಅವರ ಹೆಂಡತಿ ನನ್ನ ತೋಳು ಹಿಡಿದು ಅಲ್ಲಿಗೆ ಕರೆತಂದರು. "ಆಸ್ಪತ್ರೆಯಲ್ಲಿ ಹೇಳಿದ್ರು. ಇಂಡಿಯಾದ ಓಕ್ಸಾನ್ ಬರ್ತಾರೆ, ಬೇಕು ಅನ್ಸಿದಾಗ ಎದ್ದು ಹೋಗೋ ಹಾಗೆ ಕೂರ್ಸು ಅಂತ." ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅಳು ತಡೆಯಲಾಗಲಿಲ್ಲ.

ಮಗಳು ನುಡಿಸಿದಳು. ಸುತ್ತ ಎಲ್ಲರೂ ಎದ್ದು ನಿಂತು ಹಾಡಿದರು. ಅವಳ ಬೆನ್ನು ನನ್ನ ಕಡೆಗಿತ್ತು. ಕತ್ತು ಚಾಚಿದರೂ ತುಟಿ ಕಾಣಲಿಲ್ಲ.

ಮನೆಗೆ ಬರುವಾಗ ರೈಲಿನಲ್ಲಿ ಪಕ್ಕಪಕ್ಕ ಕುಳಿತೆವು. "ಅಮ್ಮಾ, ಯೂ ವಾಂಟ್ ಟು ಆಸ್ಕ್, ರೈಟ್? ನಾನು ಹಾಡ್ತಿದ್ನಾ ಅಂತ."

ಪ್ರಶ್ನೆ ನಾಲಿಗೆಯ ತುದಿಯಲ್ಲೇ ಇತ್ತು. "ನಿಂಗೆ ಹೇಳ್ಬೇಕು ಅನ್ಸಿದಾಗ ನೀನೇ ಎದುರಿಗೆ ಬಂದು ಹೇಳು," ಎಂದೆ. "ಅವರ ಥರ."

ಬ್ಯಾಗಿನ ಮೇಲೆ ನನ್ನ ಕೈ ನಡುಗುತ್ತಿತ್ತು. ಅವಳು ಅದರ ಮೇಲೆ ತನ್ನ ಅಂಗೈ ಇಟ್ಟಳು. ನಡುಕ ನಿಲ್ಲುವವರೆಗೂ ತೆಗೆಯಲಿಲ್ಲ.