ಟಾರಿನ ಅಂಚಿನಲ್ಲಿ ನಿಲ್ಲಿಸಿದ ಕಾರು

ಹೊಸ ಕಾರು ಎತ್ತರದ್ದು, ಹಳೆಯದು ತಗ್ಗಿನದು. ಇಷ್ಟು ಮಾತ್ರ ನನಗೆ ಸರಿಯಾಗಿ ಗೊತ್ತು. ಚಾಮರಾಜನಗರದಲ್ಲಿ ನನ್ನದೊಂದು ಪೈಪು, ನಲ್ಲಿ ಮಾರುವ ಅಂಗಡಿ ಇದೆ. ಅಲ್ಲಿಗೆ ಬರುವವರು ಬಾಗಿಲ ಮುಂದೆ ನಿಂತ ಎಸ್‌ಯುವಿಯನ್ನು ನೋಡಿ, "ಹೆಂಗದೆ ಅಣ್ಣ ಗಾಡಿ? ಹಳೇದಕ್ಕಿಂತ ಚೆಂದಾಗದಾ?" ಎನ್ನುತ್ತಾರೆ. ಚೆನ್ನಾಗಿದೆ ಎನ್ನುತ್ತೇನೆ. ಅವರು ಹೋದ ಮೇಲೆ, ನಾನು ಹೇಳಿದ್ದು ನಿಜವೋ ಸುಳ್ಳೋ ಎಂದು ಕೂತು ಯೋಚಿಸುತ್ತೇನೆ.

ಅದನ್ನು ಬುಕ್ ಮಾಡಿದ್ದು ನನ್ನ ಹೆಂಡತಿಯ ಮಂಡಿ ನೋವಿಗಾಗಿ. ಹಳೆಯ ಸೆಡಾನಿನಲ್ಲಿ ಕೂರುವುದೇ ಅವಳಿಗೊಂದು ದೊಡ್ಡ ಕೆಲಸ. ಸೀಟಿಗೆ ಬೆನ್ನು ಮಾಡಿ ನಿಂತು, ಉಸಿರು ಬಿಗಿಹಿಡಿದು ಧೊಪ್ಪೆಂದು ಕೂರಬೇಕು. ಆಮೇಲೆ ಒಂದೊಂದೇ ಕಾಲನ್ನು ಕೈಯಲ್ಲಿ ಎತ್ತಿ ಒಳಗಿಟ್ಟುಕೊಳ್ಳಬೇಕು. ಇಳಿಯುವುದು ಇನ್ನೂ ಕಷ್ಟ. ನಾನು ಸುತ್ತಿ ಬಂದು ಬಾಗಿಲು ತೆಗೆದು ಕೈ ಕೊಡುತ್ತಿದ್ದೆ. ನನ್ನ ಮುಂಗೈ ಹಿಡಿದು, "ಹೂಂ, ಎಳಿ ಬಾವ" ಎನ್ನುತ್ತಿದ್ದಳು. ಅವಳು ನನ್ನ ಸೋದರತ್ತೆಯ ಮಗಳು. ಚಿಕ್ಕಂದಿನಿಂದ ಕರೆದ ಹಾಗೆಯೇ ಮದುವೆಯ ನಂತರವೂ ಬಾವ ಎಂದೇ ಕರೆಯುತ್ತಿದ್ದಳು.

ಇದಕ್ಕಾಗಿ ನಾನೊಂದು ಉಪಾಯ ಕಂಡುಕೊಂಡಿದ್ದೆ. ನಮ್ಮ ಕಡೆಯ ರಸ್ತೆಗಳಲ್ಲಿ ಟಾರು ಮೇಲಿರುತ್ತದೆ, ಪಕ್ಕದ ಮಣ್ಣು ತಗ್ಗಿರುತ್ತದೆ. ಬೇರೆಯವರು ಕಾರನ್ನು ಪೂರ್ತಿ ಮಣ್ಣಿಗಿಳಿಸಿ ನಿಲ್ಲಿಸುತ್ತಾರೆ. ನಾನು ಎಡಗಡೆಯ ಚಕ್ರಗಳು ಸರಿಯಾಗಿ ಟಾರಿನ ಅಂಚಿಗೆ ಬರುವ ಹಾಗೆ ನಿಲ್ಲಿಸುತ್ತಿದ್ದೆ. ಆಗ ಅವಳ ಕಾಲು ತಗ್ಗಿನ ಮಣ್ಣಿನ ಮೇಲೆ ಬೀಳುತ್ತಿತ್ತು, ಸೀಟು ಅಷ್ಟರಮಟ್ಟಿಗೆ ಎತ್ತರವಾಗುತ್ತಿತ್ತು, ಏಳುವುದು ಕೊಂಚ ಸಲೀಸಾಗುತ್ತಿತ್ತು. ಹಿಂದಿನಿಂದ ಬಂದ ಲಾರಿಯವರು ಹಾರನ್ ಹೊಡೆದು ಬೈದುಕೊಂಡು ಹೋಗುತ್ತಿದ್ದರು. ಬೈದರೆ ಬೈಯಲಿ ಎಂದು ಇರುತ್ತಿದ್ದೆವು.

ಶೋರೂಮಿನಲ್ಲಿ ಹೊಸ ಕಾರಿನ ಸೀಟು ಅವಳ ಸೊಂಟದ ಮಟ್ಟಕ್ಕೆ ಇತ್ತು. ಪಕ್ಕಕ್ಕೆ ಸರಿದು ಕೂತಳು, ಕಾಲು ಇಳಿಬಿಟ್ಟು ನಿಂತಳು. ನಾನು ಅಭ್ಯಾಸಬಲದಿಂದ ಕೈ ಚಾಚಿಕೊಂಡು ನಿಂತಿದ್ದೆ. "ಇನ್ಮೇಲೆ ನಿನ್ ಕೈ ಬ್ಯಾಡ ಬುಡು ಬಾವ" ಎಂದು ನಕ್ಕಳು. ಕಾರು ಹೇಗಿದೆ ಎಂದು ಕೇಳಿದೆ. "ಊಂ, ಚೆಂದಾಗದೆ" ಎಂದಳು. ಹೇಳುವಾಗ ನನ್ನ ಕಡೆ ನೋಡದೆ ಕಿಟಕಿಯ ಆಚೆ ನೋಡುತ್ತಿದ್ದಳು. ಆ ಮಾತನ್ನು ಈಗ ಎಷ್ಟು ಸಲ ನೆನೆಸಿಕೊಂಡರೂ ಅದರಲ್ಲಿ ಖುಷಿಯಿತ್ತೋ ಇಲ್ಲವೋ ತಿಳಿಯುವುದಿಲ್ಲ.

ಕಾರು ಬರುವುದು ತಡವಾಯಿತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕೂತವಳು ಮತ್ತೆ ಏಳಲಿಲ್ಲ. ಹನ್ನೊಂದರ ತಿಥಿ ಮುಗಿದು ನೆಂಟರು ಹೊರಟ ಮೇಲೆ ಶೋರೂಮಿನಿಂದ ಫೋನ್ ಬಂತು, ಗಾಡಿ ಬಂದಿದೆ ಸಾರ್ ಎಂದು. ಬೇಡ ಎನ್ನಬಹುದಿತ್ತು. ಹೋಗಿ ತೆಗೆದುಕೊಂಡು ಬಂದೆ. ಮನೆ ಮುಂದೆ ಒಂದೇ ಕಾರಿಗೆ ಜಾಗ ಇದ್ದದ್ದು, ಹಾಗಾಗಿ ಹಳೆಯದನ್ನು ಗುಂಡ್ಲುಪೇಟೆಯ ಒಬ್ಬ ಹೂವಿನ ವ್ಯಾಪಾರಿಗೆ ಕೊಟ್ಟೆ. ವರ್ಷ ತುಂಬುವ ತನಕ ಶುಭಕಾರ್ಯ ಇಲ್ಲವೆಂದು ಹೊಸ ಕಾರಿಗೆ ಪೂಜೆ ಮಾಡಿಸಲಿಲ್ಲ. ಅರಿಶಿನ ಕುಂಕುಮವಿಲ್ಲದೆ ಬೋಳುಮುಖದಲ್ಲಿ ನಿಂತಿರುತ್ತದೆ.

ಓಡಿಸುವುದು ಸುಲಭ, ಅದನ್ನು ಒಪ್ಪಿಕೊಳ್ಳಬೇಕು. ಹಳೆಯ ಕಾರಿನ ಹೊಟ್ಟೆ ಹಂಪ್ಸಿಗೆ ತಗುಲಿದಾಗಲೆಲ್ಲ ಅವಳು ತನಗೇ ತಗುಲಿದ ಹಾಗೆ "ಅಯ್ಯಪ್ಪಾ" ಎನ್ನುತ್ತಿದ್ದಳು. ಇದು ಸದ್ದಿಲ್ಲದೆ ದಾಟುತ್ತದೆ. ಆದರೂ ನಾನು ಹಂಪ್ಸ್ ಬಂದ ಕೂಡಲೇ ಕಾರನ್ನು ಓರೆ ಮಾಡಿ ನಿಧಾನವಾಗಿ ಹತ್ತಿಸುತ್ತೇನೆ. ಹಿಂದಕ್ಕೆ ತೆಗೆಯುವಾಗ ಮೊದಲು ಅವಳು ಕತ್ತು ತಿರುಗಿಸಿ "ಬಾ, ಬಾ, ಬಾ, ಸಾಕು" ಎನ್ನುತ್ತಿದ್ದಳು. ಅವಳು ಸಾಕು ಎಂದ ಮೇಲೂ ಒಂದು ಮೊಳ ಜಾಗ ಇರುತ್ತಿತ್ತು. ಇದು ಪೀ ಪೀ ಎನ್ನುತ್ತದೆ, ಪರದೆಯ ಮೇಲೆ ಗೋಡೆ ತೋರಿಸುತ್ತದೆ. ಎಷ್ಟು ದೂರ ನಂಬಬೇಕು ಎಂದು ಇನ್ನೂ ಗೊತ್ತಾಗಿಲ್ಲ.

ಇದನ್ನು ಮಾರಿ ಹಳೆಯದನ್ನೇ ವಾಪಸ್ಸು ಕೇಳಿಬಿಡೋಣ ಎಂದು ಒಂದು ಭಾನುವಾರ ಹೊರಟೆ. ಅತ್ತೆ ಕುದೇರಿನವರು, ತಿಥಿಯ ನಂತರ ನಮ್ಮ ಮನೆಯಲ್ಲೇ ಉಳಿದಿದ್ದರು. ನಾನೂ ಬತ್ತೀನಿ ಎಂದರು. ಮಗಳು ಕೂರುತ್ತಿದ್ದ ಎಡಗಡೆಯ ಸೀಟಿನಲ್ಲೇ ಕೂತರು.

ಗುಂಡ್ಲುಪೇಟೆಯಲ್ಲಿ ವ್ಯಾಪಾರಿಯ ಮನೆ ಮುಂದೆ ನಮ್ಮ ಕಾರು ನಿಂತಿತ್ತು. ಮೂತಿಗೆ ಚೆಂಡು ಹೂವಿನ ಹಾರ, ಗಾಜಿನ ಮೇಲೆ ವಿಭೂತಿ. ಡಿಕ್ಕಿಯಲ್ಲೂ ಹಿಂದಿನ ಸೀಟಿನಲ್ಲೂ ಹೂವಿನ ಮೂಟೆಗಳು. ಓಣಂ ಹತ್ತಿರ ಬಂದಿತ್ತು, ಕೇರಳಕ್ಕೆ ಹೂವು ಹೋಗುವ ಕಾಲ. ಬಾಗಿಲು ತೆಗೆದರೆ ಚೆಂಡು ಹೂವಿನ ಘಾಟು ಮಾತ್ರ ಬಂತು. ಎಡಗಡೆಯ ಸೀಟು ಮುಂದಕ್ಕೆ ಬಂದು ನೆಟ್ಟಗೆ ನಿಂತಿತ್ತು.

"ಆ ಸೀಟು ಹಿಂದಕ್ಕೆ ಸಿಕ್ಕಾಕೊಂಡಿತ್ತು ಕಣಣ್ಣ" ಎಂದ ವ್ಯಾಪಾರಿ. "ಎಣ್ಣೆ ಬುಟ್ಟು ಮುಂದಕ್ಕೆ ಎಳ್ದೆ. ಈಗ ಹಿಂದೆ ಇನ್ನೆರಡು ಮೂಟೆ ಇಡಿಸ್ತದೆ."

ಅದು ಸಿಕ್ಕಿಹಾಕಿಕೊಂಡಿರಲಿಲ್ಲ. ಅವಳ ಕಾಲು ಚಾಚಲು ಅಷ್ಟು ವರ್ಷ ಹಿಂದೆಯೇ ಇತ್ತು, ಅಷ್ಟೆ. ಒಂದು ಸಲ ಕೂರುತ್ತೇನೆ ಎಂದು ಆ ಸೀಟಿನಲ್ಲಿ ಕೂತೆ. ಅಷ್ಟು ವರ್ಷ ಆ ಕಾರು ಓಡಿಸಿದ್ದರೂ ನಾನು ಎಡಗಡೆ ಕೂತದ್ದು ಅದೇ ಮೊದಲು. ಅಲ್ಲಿಂದ ರಸ್ತೆ ಬೇರೆ ಥರ ಕಂಡಿತು. ಏಳಲು ಹೋದೆ, ಮಂಡಿ ಮುಂದೆ ಒತ್ತಿಕೊಂಡಿತು, ಏಳಲಾಗಲಿಲ್ಲ. ವ್ಯಾಪಾರಿ ನಗುತ್ತ ಕೈ ಕೊಟ್ಟು ಎಳೆದ. ಎದ್ದು ನಿಂತ ಮೇಲೂ ಅವನ ಕೈಯನ್ನು ಹಿಡಿದೇ ಇದ್ದೆ ಎಂದು ಅವನ ಮುಖ ನೋಡಿದಾಗ ಗೊತ್ತಾಯಿತು.

"ಇದನ್ನ ವಾಪಸ್ಸು ಕೊಡ್ತೀಯಾ?" ಎಂದು ಕೇಳಿದೆ.

ಅವನು ನನ್ನನ್ನೂ ಎಸ್‌ಯುವಿಯನ್ನೂ ನೋಡಿದ. "ಅಲ್ಲಣ್ಣ, ಅಂಥಾ ಆನೆ ಮಡಿಕ್ಕಂಡು ಈ ಆಮೆ ಕೇಳ್ತಿದ್ದೀಯಲ್ಲ!"

"ಅವನಿಗೆ ಆನೆ ಮೇಲೆ ಕುಂತ್ರೆ ತಲೆ ಸುತ್ತು ಬತ್ತದಂತೆ" ಎಂದರು ಅತ್ತೆ, ಕಾರಿನೊಳಗಿಂದಲೇ.

ವ್ಯಾಪಾರಿ ನಗಲಿಲ್ಲ. ನನ್ನ ಮನೆಯ ವಿಷಯ ಅವನಿಗೆ ಗೊತ್ತಿತ್ತು. "ಬೇಕೇ ಬೇಕು ಅಂದ್ರೆ ತಕ್ಕೊಂಡೋಗಣ್ಣ. ಓಣಂ ಒಂದು ಕಳೀಲಿ" ಎಂದ.

ಅಷ್ಟು ಸುಲಭವಾಗಿ ಒಪ್ಪುತ್ತಾನೆಂದು ಎಣಿಸಿರಲಿಲ್ಲ. ಖುಷಿಯಾಗಬೇಕಿತ್ತು. ತಿರುಗಿ ಬರುವಾಗ ತೆರಕಣಾಂಬಿ ದಾಟಿದೆವು. ಆಮೇಲೆ ನಾನೇ ಕೇಳಿದೆ.

"ಅತ್ತೆ, ಅವಳಿಗೆ ಈ ಕಾರು ಇಷ್ಟ ಇತ್ತಾ?"

"ಇಷ್ಟ ಇಲ್ದೆ? ಊರಿಗೇ ಹೇಳ್ಕೊಂಡು ಬಂದಿದ್ಲು ಕಣ್ಲಾ. ಎತ್ರದ ಕಾರು ಬತ್ತದೆ, ನಿಮ್ಮನ್ನೆಲ್ಲ ಮೇಲಿಂದ ನೋಡ್ಕೊಂಡು ಓಯ್ತೀನಿ ಅಂತ."

ಎದೆ ಹಗುರಾಯಿತು. ಹಾಗಾದರೆ ಇದನ್ನು ಇಟ್ಟುಕೊಳ್ಳಬೇಕು ಎಂದುಕೊಂಡೆ. ಒಂದೆರಡು ತಿರುವು ದಾಟಿರಬೇಕು, ಅತ್ತೆ ಮತ್ತೆ ಬಾಯಿ ತೆಗೆದರು.

"ಆದ್ರೆ ನನ್ ತಾವ ಇನ್ನೊಂದೂ ಅಂದಿದ್ಲು. ಅದ್ರಿಂದ ಇಳಿಯಕೆ ಯಾರೂ ಬ್ಯಾಡ ಕಣವ್ವ, ಒಂಥರಾ ಆಯ್ತದೆ ಅಂತ."

"ಒಂಥರಾ ಅಂದ್ರೆ?"

"ಒಂಥರಾ ಅಂದ್ರೆ ಒಂಥರಾ. ನಾನೇನ್ ಕಂಡೆ? ರೊಟ್ಟಿ ತಟ್ತಿದ್ದೆ, ಕೇಳ್ನಿಲ್ಲ."

ಎಳನೀರು ಮಾರುವವನನ್ನು ಕಂಡು ಅತ್ತೆ ನಿಲ್ಲಿಸು ಎಂದರು. ನಿಲ್ಲಿಸಿದೆ. ಅವರು ಬಾಗಿಲ ಮೇಲಿನ ಹಿಡಿ ಹಿಡಿದು ಜಾರಿಕೊಂಡು ಇಳಿದರು, ಕುಡಿದರು. ಮತ್ತೆ ಹತ್ತಲು ಬಂದವರು ಬಾಗಿಲ ಬಳಿಯೇ ನಿಂತುಬಿಟ್ಟರು.

"ಇದೇನ್ಲಾ, ಅಟ್ಟ ಹತ್ಸೀಯಾ ನನ್ನ? ಅಂಗೇ ಮಣ್ಣಿಗೆ ಇಳಿಸಿ ನಿಲ್ಸಕೆ ಏನ್ ಬಂದಿತ್ತು ನಿಂಗೆ?"

ಇಳಿದು ಆ ಕಡೆ ಹೋಗಿ ನೋಡಿದೆ. ಎಡಗಡೆಯ ಚಕ್ರಗಳು ಸರಿಯಾಗಿ ಟಾರಿನ ಅಂಚಿನಲ್ಲಿದ್ದವು. ಅತ್ತೆ ತಗ್ಗಿನ ಮಣ್ಣಿನಲ್ಲಿ ನಿಂತಿದ್ದರು. ಸೀಟು ಅವರ ಎದೆಮಟ್ಟಕ್ಕಿತ್ತು. ಹಿಂದಿನಿಂದ ಬಂದ ಲಾರಿಯವನು ಹಾರನ್ ಹೊಡೆದು ಏನೋ ಅಂದು ಹೋದ. ಎಳನೀರಿನವನು ಮಚ್ಚು ಹಿಡಿದುಕೊಂಡೇ ನೋಡುತ್ತಿದ್ದ.

ಕಾರನ್ನು ಮುಂದೆ ತೆಗೆದುಕೊಂಡು ಹೋಗಿ ಮಣ್ಣಿಗಿಳಿಸಬಹುದಿತ್ತು. ಅದು ಹೊಳೆಯುವ ಮೊದಲೇ ಅತ್ತೆ ಕೈ ಚಾಚಿದ್ದರು. ಮುಂಗೈ ಹಿಡಿದೆ. ಎಳೆದರೆ ಅವರು ನನ್ನ ಕಡೆಗೆ ಬರುತ್ತಾರೆ, ಕಾರಿನ ಒಳಗಲ್ಲ. ಹಿಂದೆ ನಿಂತು ನೂಕಬೇಕೋ, ಒಳಗೆ ಹೋಗಿ ಎಳೆಯಬೇಕೋ ತಿಳಿಯದೆ ಹಾಗೆಯೇ ನಿಂತೆ. "ಏನಾರ ಒಂದ್ ಮಾಡ್ಲಾ" ಎಂದರು ಅತ್ತೆ. ಅವರ ಕಣ್ಣಲ್ಲಿ ನೀರು ಬಂದಿತ್ತು. ನಗುತ್ತಿದ್ದರೋ ಏನೋ ನನಗೆ ಗೊತ್ತಾಗಲಿಲ್ಲ.

ಓಣಂ ಕಳೆದ ಮೇಲೆ ಹೂವಿನ ವ್ಯಾಪಾರಿ ಫೋನ್ ಮಾಡಿದ. ಕಾರು ತೊಳೆಸಿ ಇಟ್ಟಿದ್ದೇನೆ, ಯಾವಾಗ ಬರುತ್ತೀಯ ಎಂದು ಕೇಳಿದ. ಯಾವ ಕಾರನ್ನು ಇಟ್ಟುಕೊಳ್ಳುವುದೆಂದು ನಾನಿನ್ನೂ ತೀರ್ಮಾನಿಸಿರಲಿಲ್ಲ.

"ಆ ಎಡಗಡೆ ಸೀಟು ಈಗಲೂ ಹಿಂದಕ್ಕೆ ಹೋಗುತ್ತಾ?" ಎಂದು ಕೇಳಿದೆ.

"ಓಯ್ತದಣ್ಣ. ಯಾಕೆ?"

"ಸುಮ್ಮನೆ" ಎಂದೆ. ಅವನು ಕಾಯುತ್ತಿದ್ದ. ಅಂಗಡಿಯ ಮುಂದೆ ಯಾರೋ ಎಸ್‌ಯುವಿಯ ಸುತ್ತ ಒಂದು ಸುತ್ತು ಹಾಕಿ, ಹೇಗಿದೆ ಎಂದು ಕೇಳಲು ಒಳಗೆ ಬರುತ್ತಿದ್ದರು.